ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿ

ಹಂಪ್ ಬಂದಾಗಲೆಲ್ಲ ಹಿಂದೆ ಕೂತ ನನ್ನ ಹೆಂಡತಿಯ ಹೆಲ್ಮೆಟ್ ನನ್ನ ಹೆಲ್ಮೆಟ್‌ಗೆ ‘ಟಕ್’ ಅಂತ ಬಡಿಯುತ್ತಿತ್ತು. ಹಾಸನದಿಂದ ಬೇಲೂರು ಮೇಲೆ ಮೂಡಿಗೆರೆಯ ಮಾವನ ಮನೆ ತಲುಪುವಷ್ಟರಲ್ಲಿ ಅದೆಷ್ಟು ಸಲವೋ. ತೂಕಡಿಸುತ್ತಿದ್ದಾಳೆ ಅಂದುಕೊಂಡಿದ್ದೆ. ಒಂದು ದಿನ ಇಳಿದವಳೇ ಸೊಂಟ ಹಿಡಿದುಕೊಂಡು, “ರೀ, ಇನ್ಮೇಲೆ ನಾನು ಬಸ್ಸಲ್ಲಿ ಬರ್ತೀನಿ. ನೀವು ಗಾಡೀಲಿ ಬನ್ನಿ” ಅಂದಳು. ಜಗಳವಾಡಿದ್ದರೆ ಪರವಾಗಿರಲಿಲ್ಲ. ತಣ್ಣಗೆ ಹೇಳಿದಳು.

ಗಾಡಿ ಒಂಬತ್ತು ವರ್ಷದ್ದು. 150 ಸಿಸಿ, ಹಿಂದೆ ಎರಡು ಶಾಕ್ ಅಬ್ಸಾರ್ಬರ್. ಅದಕ್ಕೆ ನಾನೇ ಮಾಡಿದ್ದ ಘನಂದಾರಿ ಕೆಲಸವೂ ಒಂದಿತ್ತು. ಗುಂಡಿಗೆ ಇಳಿದರೆ ತಳ ಬಡಿಯುತ್ತದೆ ಅಂತ, ಸ್ಪ್ರಿಂಗ್ ಕೆಳಗಿನ ಕಾಲರನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿರುವ ಬಳೆಯನ್ನು, ಹುಕ್ ಸ್ಪ್ಯಾನರ್‌ನಲ್ಲಿ ತಿರುಗಿಸುತ್ತಾ ಎರಡನೇ ಮೆಟ್ಟಿಲಿಂದ ಐದನೆಯದಕ್ಕೆ ತಂದಿದ್ದೆ. ಐದೇ ಮೆಟ್ಟಿಲು ಇರೋದು. ಅಲ್ಲಿಗೆ ನನ್ನ ಬುದ್ಧಿವಂತಿಕೆಯೂ ಮುಗಿದಿತ್ತು.

ಮೆಕ್ಯಾನಿಕ್ ಗಾಡಿಯ ಸೀಟನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟ. ಗಾಡಿ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. “ತೊಟ್ಟಿಲು ನೋಡಿ ಸಾರ್. ಒಂದ್ಸಲ ಎದ್ದು ಸುಮ್ನೆ ಕೂತ್ಕೋಬೇಕು” ಅಂದ. ಆಮೇಲೆ ಶಾಕಿನ ರಾಡ್ ಮೇಲೆ ಬೆರಳು ಎಳೆದು ತೋರಿಸಿದ. ಧೂಳು ಮೆತ್ತಿಕೊಂಡ ಕಪ್ಪು ಆಯಿಲ್, ಕಾಡಿಗೆಯ ಹಾಗೆ. ಆಯಿಲ್ ತಡೆಯುವ ಸೀಲ್ ಹೋಗಿ ಯಾವ ಕಾಲವಾಗಿತ್ತೋ.

ಸ್ಪ್ರಿಂಗಿನ ಕೆಲಸ ಭಾರ ಹೊರುವುದು ಅಷ್ಟೇ. ಕುಗ್ಗಿಸಿದರೆ ಅದು ವಾಪಸ್ ಒದೆಯುತ್ತದೆ. ಆ ಒದೆತವನ್ನು ಹಿಡಿಯುವುದು ಒಳಗಿನ ಆಯಿಲ್. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಅದು ಕಷ್ಟಪಟ್ಟು ನುಗ್ಗಬೇಕು, ಆ ತಿಕ್ಕಾಟದಲ್ಲೇ ಸ್ಪ್ರಿಂಗಿನ ಜೋರು ಶಾಖವಾಗಿ ಹೋಗುತ್ತದೆ. ನನ್ನ ಗಾಡಿಯಲ್ಲಿ ಆಯಿಲ್ ಸೋರಿಹೋಗಿತ್ತು, ಬರೀ ಸ್ಪ್ರಿಂಗ್ ಉಳಿದಿತ್ತು. ಅದನ್ನೂ ಐದನೇ ಮೆಟ್ಟಿಲಿಗೆ ಬಿಗಿದಿದ್ದೆ. ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಏನೂ ಗಟ್ಟಿಯಾಗುವುದಿಲ್ಲವಂತೆ, ಗಾಡಿಯ ಹಿಂಭಾಗ ಸ್ವಲ್ಪ ಎತ್ತರವಾಗುತ್ತದೆ ಅಷ್ಟೇ. ಎರಡು ಚಕ್ರಗಳ ನಡುವೆ ಕೂತ ನನಗೆ ಆ ಒದೆತ ಅರ್ಧದಷ್ಟೇ ಗೊತ್ತಾಗುತ್ತಿತ್ತು. ಹಿಂದಿನ ಚಕ್ರದ ಹತ್ತಿರ ಕೂತವಳಿಗೆ ಪೂರ್ತಿ. ಎರಡು ವರ್ಷ ಅವಳು ಇದನ್ನು ತಿಂದಿದ್ದಾಳೆ ಅಂತ ಲೆಕ್ಕ ಹಾಕಿ ಸುಮ್ಮನಾದೆ.

ಗ್ಯಾಸ್ ತುಂಬಿದ ಶಾಕ್ ಹಾಕಿಸೋಣ ಅಂತಾಯಿತು. ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರುವುದರಿಂದ ಆಯಿಲ್ ಬಿಸಿಯಾದರೂ ಬೇಗ ನೊರೆ ಕಟ್ಟುವುದಿಲ್ಲ. ನೊರೆಗೆ ಹಿಡಿತ ಎಲ್ಲಿಂದ ಬರಬೇಕು, ಅಲ್ವಾ? ಅಂಗಡಿಯಲ್ಲಿ ನನ್ನ ಕಣ್ಣು ಒಂದು ಕೆಂಪು ಸ್ಪ್ರಿಂಗಿನ ಜೋಡಿ ಮೇಲೆ ಬಿತ್ತು. ಹಳೆಯದಕ್ಕಿಂತ ಒಂದಿಂಚು ಉದ್ದ, ಗಾಡಿ ಹಿಂದೆ ಎದ್ದು ನಿಂತು ಸಕತ್ತಾಗಿ ಕಾಣುತ್ತದೆ ಅನ್ನಿಸಿತು. ಮೆಕ್ಯಾನಿಕ್ ಟೇಪ್ ಹಿಡಿದು ಮೇಲಿನ ಬೋಲ್ಟ್ ತೂತಿನ ಬುಷ್‌ನಿಂದ ಕೆಳಗಿನ ಬುಷ್‌ವರೆಗೆ ಅಳೆದು, ಬೇಡವೇ ಬೇಡ ಅಂದ. ಡಬಲ್ ಸ್ಟ್ಯಾಂಡ್ ಹಾಕಿದರೆ ಚಕ್ರ ನೆಲ ಬಿಡುವುದಿಲ್ಲ, ಸೈಡ್ ಸ್ಟ್ಯಾಂಡಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ಚೈನೂ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಉಜ್ಜಬಹುದು. ಕೊನೆಗೆ ಹಳೇ ಅಳತೆಯ ಕಪ್ಪು ಜೋಡಿಯೇ ಬಂತು.

ಬಿಚ್ಚುವುದು ದೊಡ್ಡ ಕೆಲಸವಲ್ಲ. ಆದರೆ ಅವನು ಎರಡನ್ನೂ ಒಟ್ಟಿಗೆ ಬಿಚ್ಚಲಿಲ್ಲ. ಎಡಗಡೆಯದು ತೆಗೆದು ಹೊಸದು ಕೂರಿಸಿದ, ಆಮೇಲೆ ಬಲಗಡೆ. ಒಂದು ಬದಿ ಹಿಡಿದುಕೊಂಡಿದ್ದರೆ ಸ್ವಿಂಗ್ ಆರ್ಮ್ ಜೋತುಬೀಳುವುದಿಲ್ಲ, ಬೋಲ್ಟ್ ತೂತು ಹುಡುಕುತ್ತಾ ಕೂರಬೇಕಿಲ್ಲ.

ಸಂಜೆ ಖುಷಿಯಿಂದ ಅವಳನ್ನು ಕೂರಿಸಿಕೊಂಡು ಹೊರಟೆ. ಮೊದಲ ಹಂಪ್‌ಗೇ, “ಇದು ಮೊದಲಿಗಿಂತ ಗಟ್ಟಿ ರೀ.” ನನ್ನ ಮುಖ ಸಪ್ಪಗಾಯಿತು. ಕೊಟ್ಟ ದುಡ್ಡು ಕಣ್ಮುಂದೆ ಬಂತು.

ಮಾರನೇ ದಿನ ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕ. ಹೊಸ ಶಾಕಿನ ಕಾಲರ್ ಕೂಡ ಮೇಲಿನ ಮೆಟ್ಟಿಲಲ್ಲೇ ಇತ್ತು. ಇಬ್ಬರೂ ನೋಡಿರಲಿಲ್ಲ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ ಅಳೆದ. ಚಕ್ರದ ಮೇಲೆ-ಕೆಳಗಿನ ಪೂರ್ತಿ ಓಡಾಟ 100 ಮಿಲಿಮೀಟರ್ ಅಂದರೆ, ಇಬ್ಬರೂ ಕೂತಾಗ ಅದರಲ್ಲಿ ಮೂರನೇ ಒಂದು ಭಾಗದಷ್ಟು ಇಳಿಯಬೇಕು. ನಮಗೆ ಇಳಿದಿದ್ದು 21. ಗುಂಡಿ ಬಂದಾಗ ಚಕ್ರ ಕೆಳಗೆ ಚಾಚಿಕೊಳ್ಳುವುದಕ್ಕೆ ಜಾಗವೇ ಸಾಲುತ್ತಿರಲಿಲ್ಲ. ಮೂರನೇ ಮೆಟ್ಟಿಲಿಗೆ ಇಳಿಸಿದ, 32 ಬಂತು. ನಮ್ಮಿಬ್ಬರನ್ನು ಹತ್ತಿಸಿ ಇಳಿಸಿ ಅಳೆಯುವುದನ್ನು ನೋಡಲು ಪಕ್ಕದ ಪಂಕ್ಚರ್ ಅಂಗಡಿಯವರೂ ಬಂದು ನಿಂತಿದ್ದರು. ಅವಳಿಗೆ ನಾಚಿಕೆ, ಆದರೂ ಅಳತೆ ಪಟ್ಟಿ ಇಣುಕಿ ನೋಡಿದಳು.

ಆ ಭಾನುವಾರ ಬೇಲೂರು ರಸ್ತೆ ಹಿಡಿದೆವು. ಗುಂಡಿಗಳು ಮಾಯವಾಗಲಿಲ್ಲ, ಗೊತ್ತಾಗುತ್ತಿದ್ದವು. ಆದರೆ ಒಂದು ಗುಂಡಿಗೆ ಒಂದೇ ಕುಲುಕು, ಅಷ್ಟೇ. ಹಂಪ್ ದಾಟಿದಾಗಲೆಲ್ಲ ಕಿವಿಗೊಟ್ಟು ಕಾಯುತ್ತಿದ್ದೆ. ಸದ್ದಿಲ್ಲ. ಬೇಲೂರು ದಾಟಿ ರಸ್ತೆ ನುಣ್ಣಗಿದ್ದ ಕಡೆ ಇದ್ದಕ್ಕಿದ್ದಂತೆ ಹಿಂದಿನಿಂದ ‘ಟಕ್’. ಎದೆ ಧಸಕ್ ಅಂತು.

“ರೀ, ಟೀ ಅಂಗಡಿ ದಾಟಿ ಹೋಯ್ತು. ಎಷ್ಟು ಸಲ ಕರೀಲಿ?”