ಸ್ಮಾರ್ಟ್ ಲಾಕ್ ವೈ-ಫೈ ಹಿಡಿಯುತ್ತಿಲ್ಲವೇ? ರೀಸೆಟ್ ಒತ್ತುವ ಮುಂಚೆ ರೂಟರ್ ನೋಡಿ

ಬಾಗಿಲಿನ ಸ್ಮಾರ್ಟ್ ಲಾಕ್ ವೈ-ಫೈಗೆ ಸೇರದಿದ್ದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ರೀಸೆಟ್ ಬಟನ್ ಕಡೆಗೆ. ದಯವಿಟ್ಟು ಹಾಗೆ ಮಾಡಬೇಡಿ. ಪೂರ್ತಿ ರೀಸೆಟ್ ಆದರೆ ಸೇರಿಸಿಟ್ಟ ಬೆರಳಚ್ಚು, ಪಿನ್, ಕಾರ್ಡ್ ಎಲ್ಲವೂ ಅಳಿಸಿಹೋಗುತ್ತವೆ. ಮನೆಯ ಹಿರಿಯರ ಸವೆದ ಬೆರಳಿನ ಗುರುತನ್ನು ಮತ್ತೆ ಹಿಡಿಸುವುದು ಎಷ್ಟು ಕಷ್ಟ ಅನ್ನುವುದು ಮಾಡಿದವರಿಗೇ ಗೊತ್ತು. ಇನ್ನೂ ಗಂಭೀರವಾದ ವಿಷಯವೆಂದರೆ, ಬಹಳಷ್ಟು ಲಾಕ್‌ಗಳಲ್ಲಿ ರೀಸೆಟ್ ಆದ ಮೇಲೆ ಹೊಸ ಅಡ್ಮಿನ್ ಸೇರಿಸುವ ತನಕ ಯಾರು ಬೆರಳಿಟ್ಟರೂ ಬಾಗಿಲು ತೆರೆಯುತ್ತದೆ.

ಕೆಲಸ ಶುರುಮಾಡುವ ಮುಂಚೆ ಬಾಗಿಲು ತೆರೆದಿಡಿ, ಲಾಕ್ ಜೊತೆ ಬಂದ ಲೋಹದ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ನಿಮ್ಮ ಮಾಡೆಲ್‌ನಲ್ಲಿ ವೈ-ಫೈ ಇದೆಯೇ ಅಂತಲೂ ಪೆಟ್ಟಿಗೆ ಮೇಲೆ ಓದಿ. ಬರೀ ಬ್ಲೂಟೂತ್ ಇರುವ ಲಾಕ್‌ಗೆ ಬ್ಲೂಟೂತನ್ನು ವೈ-ಫೈಗೆ ಜೋಡಿಸುವ ಪ್ರತ್ಯೇಕ ಗೇಟ್‌ವೇ ಬೇಕು. ಅದಿಲ್ಲದೆ ಎಷ್ಟು ಒದ್ದಾಡಿದರೂ ವೈ-ಫೈ ಬರುವುದಿಲ್ಲ.

ಈಗ ತಪ್ಪು ಲಾಕ್‌ನದೋ ರೂಟರ್‌ನದೋ ಅಂತ ಐದು ನಿಮಿಷದಲ್ಲಿ ಗೊತ್ತುಮಾಡಿಕೊಳ್ಳಬಹುದು. ಮನೆಯ ಇನ್ನೊಂದು ಫೋನ್‌ನಲ್ಲಿ ಹಾಟ್‌ಸ್ಪಾಟ್ ಹಾಕಿ, ಅದರ ಬ್ಯಾಂಡನ್ನು (ವೈ-ಫೈ ಬಳಸುವ ತರಂಗಗಳ ಪಟ್ಟಿ) 2.4 ಗಿಗಾಹರ್ಟ್ಸ್‌ಗೆ ಇಡಿ. ಐಫೋನ್ ಆದರೆ ಹಾಟ್‌ಸ್ಪಾಟ್ ಪುಟದಲ್ಲಿರುವ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಲಾಕ್ ಈ ಹಾಟ್‌ಸ್ಪಾಟ್‌ಗೆ ಸೇರಿತು ಅಂದರೆ ಅದು ಸರಿಯಾಗಿದೆ, ಬದಲಾಯಿಸಬೇಕಿರುವುದು ರೂಟರ್ ಸೆಟ್ಟಿಂಗ್.

ಸೆಲ್ ಮೇಲೆ ನಡೆಯುವ ಲಾಕ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. 5 ಗಿಗಾಹರ್ಟ್ಸ್ ಅವುಗಳ ಕಣ್ಣಿಗೇ ಬೀಳುವುದಿಲ್ಲ. ಇವತ್ತಿನ ಅನೇಕ ಫೈಬರ್ ರೂಟರ್‌ಗಳು ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿಟ್ಟಿರುತ್ತವೆ. ಜೋಡಿಸುವಾಗ ಫೋನ್ 5ರಲ್ಲಿ, ಲಾಕ್ 2.4ರಲ್ಲಿ ಇದ್ದು, ಎಷ್ಟೋ ಸಲ ಕೆಲಸ ಅಲ್ಲೇ ನಿಂತುಬಿಡುತ್ತದೆ. ರೂಟರ್ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ವಿಳಾಸ (ಸಾಮಾನ್ಯವಾಗಿ 192.168.1.1) ಮತ್ತು ಲಾಗಿನ್ ಇರುತ್ತದೆ. ಆ ವಿಳಾಸವನ್ನು ಫೋನ್ ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟಿಯರಿಂಗ್’ ಆಫ್ ಮಾಡಿ, 2.4ಕ್ಕೆ ಬೇರೆ ಹೆಸರು ಕೊಡಿ. ಸೆಕ್ಯೂರಿಟಿಯನ್ನು (ವೈ-ಫೈಗೆ ಹಾಕುವ ರಕ್ಷಣೆಯ ಬಗೆ) ಡಬ್ಲ್ಯೂಪಿಎ2, ಎಇಎಸ್‌ಗೆ ಇಡಿ. ಡಬ್ಲ್ಯೂಪಿಎ3 ಮಾತ್ರ ಇದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಹಳೆಯ ಲಾಕ್‌ಗಳು ಸೇರುವುದಿಲ್ಲ. ಚಾನೆಲ್ (ಬ್ಯಾಂಡ್‌ನ ಒಳಗಿನ ಒಂದು ಭಾಗ) ‘ಆಟೋ’ ಬೇಡ, 1, 6, 11ರಲ್ಲಿ ಒಂದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಆಟೋದಲ್ಲಿ ರೂಟರ್ 12 ಅಥವಾ 13ಕ್ಕೆ ಹೋದರೆ, ಅಮೆರಿಕದ ಮಾರುಕಟ್ಟೆಗೆ ಹೊಂದಿಸಿದ ಲಾಕ್‌ಗೆ ನಿಮ್ಮ ನೆಟ್‌ವರ್ಕ್ ಕಾಣಿಸುವುದೇ ಇಲ್ಲ. ಗೆಸ್ಟ್ ನೆಟ್‌ವರ್ಕ್‌ಗೆ ಜೋಡಿಸಬೇಡಿ. ಹೆಸರು, ಪಾಸ್‌ವರ್ಡ್‌ನಲ್ಲಿ ಸ್ಪೇಸ್ ಅಥವಾ ಚಿಹ್ನೆಗಳಿದ್ದರೆ ತೆಗೆದು ನೋಡಿ.

ಇಷ್ಟಾದ ಮೇಲೆ ಫೋನನ್ನು ಅದೇ 2.4ಕ್ಕೆ ಸೇರಿಸಿ. ಮೊಬೈಲ್ ಡೇಟಾ, ವಿಪಿಎನ್ ಎರಡೂ ಆಫ್. ಬ್ಲೂಟೂತ್, ಲೊಕೇಶನ್ ಆನ್. ಲಾಕ್‌ನ ಪಕ್ಕದಲ್ಲೇ ನಿಂತು ಕೀಪ್ಯಾಡ್ ಮುಟ್ಟಿ ಎಬ್ಬಿಸಿ, ಲಾಕ್‌ನ ಆ್ಯಪ್‌ನಲ್ಲಿ ಜೋಡಿಸಿ. ಪೇರಿಂಗ್ ಮೋಡ್ (ಲಾಕ್ ಜೋಡಣೆಗೆ ಕಾಯುವ ಸ್ಥಿತಿ) ಕೆಲವೇ ನಿಮಿಷ ಇರುತ್ತದೆ, ಹಾಗಾಗಿ ಪಾಸ್‌ವರ್ಡನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹಾಟ್‌ಸ್ಪಾಟ್‌ಗೂ ಸೇರಲಿಲ್ಲವೇ? ಸೆಲ್ ನೋಡಿ. ಕೀಪ್ಯಾಡ್ ಬೆಳಗಿತು ಅಂದಮಾತ್ರಕ್ಕೆ ಸೆಲ್ ಗಟ್ಟಿಯಾಗಿದೆ ಅಂತಲ್ಲ. ನಾಲ್ಕು ಹೊಸ ಎಎ ಆಲ್ಕಲೈನ್ ಸೆಲ್ ಸೇರಿದರೆ 6 ವೋಲ್ಟ್. ಚಾರ್ಜ್ ಮಾಡುವ ನಿಕಲ್ ಸೆಲ್ ಒಂದಕ್ಕೆ 1.2 ವೋಲ್ಟ್, ನಾಲ್ಕಕ್ಕೆ 4.8 ಮಾತ್ರ, ಲಾಕ್ ಇದನ್ನು ಸೆಲ್ ಮುಗಿಯುತ್ತಿದೆ ಅಂತ ಓದಿಕೊಳ್ಳಬಹುದು. ವೈ-ಫೈ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಚಿಪ್ ಒಮ್ಮೆಗೇ ಜಾಸ್ತಿ ಕರೆಂಟು ಎಳೆಯುತ್ತದೆ. ಟಿವಿ ರಿಮೋಟ್‌ಗೆ ಹಾಕುವ ಅಗ್ಗದ ಸೆಲ್ ಆ ಎಳೆತಕ್ಕೆ ಕುಸಿಯುತ್ತದೆ. ಮಲ್ಟಿಮೀಟರ್‌ನಲ್ಲಿ ಯಾವುದೇ ಒಂದು ಸೆಲ್ 1.3 ವೋಲ್ಟ್‌ಗಿಂತ ಕೆಳಗಿದ್ದರೆ ನಾಲ್ಕನ್ನೂ ಬದಲಾಯಿಸಿ. ಹಳತು ಹೊಸತು ಬೆರೆಸಬಾರದು.

ಸೇರಿದರೂ ಆಗಾಗ ಕಡಿದುಹೋಗುತ್ತಿದ್ದರೆ ಹೆಚ್ಚಾಗಿ ದೂರವೇ ಕಾರಣ. ಬಾಗಿಲು ಮುಚ್ಚಿ, ಲಾಕ್‌ನ ಒಳಭಾಗದ ಪಕ್ಕ ಫೋನ್ ಹಿಡಿದು ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ಸಿಗ್ನಲ್ ನೋಡಿ. ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಆಸುಪಾಸು ಚೆನ್ನ. ಮೈನಸ್ 75ಕ್ಕಿಂತ ಕೆಳಗೆ ಹೋದರೆ ನೆಚ್ಚಿಕೊಳ್ಳುವಂತಿಲ್ಲ. ಮರದ ಬಾಗಿಲಿಗಿಂತ ಉಕ್ಕಿನ ಬಾಗಿಲು ಸಿಗ್ನಲನ್ನು ಹೆಚ್ಚು ತಡೆಯುತ್ತದೆ. ಟಿವಿ ಹಿಂದೆ ಅಡಗಿಸಿಟ್ಟ ರೂಟರನ್ನು ಗೋಡೆ ಮೇಲೆ ಎತ್ತರಕ್ಕೆ ತಂದರೇ ಎಷ್ಟೋ ಸುಧಾರಿಸುತ್ತದೆ.

ಆ್ಯಪ್‌ನಲ್ಲಿ ‘ಆಫ್‌ಲೈನ್’ ಅಂತ ಕಂಡಾಗಲೆಲ್ಲ ಗಾಬರಿ ಬೇಡ. ಸೆಲ್ ಉಳಿಸಲು ಅನೇಕ ಲಾಕ್‌ಗಳು ನಿದ್ದೆ ಹೋಗುತ್ತವೆ, ಯಾರಾದರೂ ಕೀಪ್ಯಾಡ್ ಮುಟ್ಟಿದಾಗ ಮಾತ್ರ ನೆಟ್‌ಗೆ ಬರುತ್ತವೆ. ಕರೆಂಟು ಹೋಗಿ ಬಂದಾಗಲೂ ಅಷ್ಟೇ, ರೂಟರ್ ಏಳುವ ತನಕ ಕಾದು ಕೀಪ್ಯಾಡ್ ಮುಟ್ಟಿ. ಪದೇ ಪದೇ ಕರೆಂಟು ಹೋಗುವ ಕಡೆ ರೂಟರ್‌ಗೆ ಮಿನಿ ಯುಪಿಎಸ್ ಹಾಕಿಸಿ. ಹೆಚ್ಚಿನ ರೂಟರ್‌ಗಳದು 12 ವೋಲ್ಟ್, ಆದರೂ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ.

ಮುಂದೆ ರೂಟರ್ ಬದಲಾಯಿಸುವ ದಿನ ಬಂದರೆ ಹೊಸದರ 2.4ಕ್ಕೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಅದೇ ಡಬ್ಲ್ಯೂಪಿಎ2 ಕೊಡಿ. ಸಾಮಾನ್ಯವಾಗಿ ಮತ್ತೆ ಜೋಡಿಸುವ ಕೆಲಸವಿಲ್ಲದೆ ಲಾಕ್ ತಾನಾಗಿಯೇ ಸೇರಿಕೊಳ್ಳುತ್ತದೆ.