ಮೋಡ ಬಿಟ್ಟ ರಾತ್ರಿಯ ಥಂಡಿ

ನವೆಂಬರ್ ಕೊನೆ ವಾರ ಬಂತೆಂದರೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಯಿಂದ ಕಾಕಾನ ಫೋನ್ ತಪ್ಪುವುದಿಲ್ಲ. "ಏನಪಾ, ಮೊಬೈಲ್‌ನಾಗ ನಾಳಿ ಥಂಡಿ ಎಷ್ಟ ತೋರಸಾಕತ್ತೈತಿ?" ಆ ಹೊತ್ತಿಗೆ ಎರೆ ಹೊಲದಲ್ಲಿ ಕಡಲೆ ಹೂವಿಗೆ ಬಂದಿರುತ್ತದೆ, ಹಿಂಗಾರಿ ಜೋಳ ಸೊಂಟದವರೆಗೆ ಎದ್ದಿರುತ್ತದೆ. ಮಳೆ ನಿಂತ ಮೇಲೆ ಇವೆರಡೂ ಬದುಕುವುದು ನೆಲದಲ್ಲಿ ಉಳಿದ ತೇವ ಮತ್ತು ರಾತ್ರಿಯ ಇಬ್ಬನಿ ಮೇಲೆ. ಥಂಡಿ ಬಿದ್ದರೆ ಕಾಕಾಗೆ ಖುಷಿ. ಮೋಡ ಮುಚ್ಚಿದರೆ ಕಡಲೆಗೆ ಕೀಡಿ ಬೀಳುತ್ತದೆ, ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಕು, ಖರ್ಚು ಜಾಸ್ತಿ.

ಮೊದಲೆಲ್ಲ ನಾನು ಆಪ್‌ನಲ್ಲಿ ಕಂಡ ಅಂಕಿಯನ್ನೇ ಓದಿ ಹೇಳುತ್ತಿದ್ದೆ. 2024ರಲ್ಲಿ ಫೆಂಗಲ್ ಚಂಡಮಾರುತ ಬಂದಾಗ ಅದು ಸಾಲದು ಅಂತ ಗೊತ್ತಾಯಿತು. ನವೆಂಬರ್ 30ರ ರಾತ್ರಿ ಅದು ಪುದುಚೇರಿ ಹತ್ತಿರ ದಡ ಸೇರಿತು. ಸೇರಿದ್ದು ಮುಂದೆ ಸಾಗಲಿಲ್ಲ, ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಕಸುವು ಕಳೆದುಕೊಂಡು ಪಶ್ಚಿಮಕ್ಕೆ ಸರಿದು ಅರಬ್ಬಿ ಸಮುದ್ರದ ಕಡೆ ಹೋಯಿತು. ಪುದುಚೇರಿ ಎಲ್ಲಿ, ನಮ್ಮ ಅಣ್ಣಿಗೇರಿ ಎಲ್ಲಿ, ಅಲ್ವಾ? ಆದರೆ ಮೋಡ ಇಲ್ಲಿಯವರೆಗೂ ಹರಡಿಕೊಂಡಿತ್ತು, ಆಪ್ ಹೇಳಿದ ಥಂಡಿ ಮಾತ್ರ ದಿನಾ ಒಂದೊಂದು ದಿನ ಮುಂದಕ್ಕೆ ಹೋಗುತ್ತಲೇ ಇತ್ತು.

ಇಂಥ ದಿನಗಳಲ್ಲಿ ಹಗಲು ಬಿಸಿಲು ಬೀಳುವುದಿಲ್ಲ, ತಣ್ಣನೆ ಗಾಳಿ ಬೀಸುತ್ತದೆ, ಮಧ್ಯಾಹ್ನವೇ ಸ್ವೆಟರ್ ಹುಡುಕುತ್ತೇವೆ, ಚಳಿಗಾಲ ಬಂತು ಅಂದುಕೊಳ್ಳುತ್ತೇವೆ. ರಾತ್ರಿ ಆಗುವುದು ಉಲ್ಟಾ. ನೆಲದ ಕಾವು ಆಕಾಶಕ್ಕೆ ಹಾರಿಹೋಗದಂತೆ ಮೋಡ ಕೌದಿ ಹೊದಿಸಿದ ಹಾಗೆ ತಡೆಯುತ್ತದೆ. ಹಗಲಿನ ಗರಿಷ್ಠ ಇಳಿದಿರುತ್ತದೆ, ರಾತ್ರಿಯ ಕನಿಷ್ಠ ಏರಿರುತ್ತದೆ. ನಿಜವಾದ ಥಂಡಿ ಬರುವುದು ಚಂಡಮಾರುತ ದಾಟಿಹೋದ ಮೇಲೆ. ಆಗ ಉತ್ತರ, ಈಶಾನ್ಯದಿಂದ ಒಣ ಗಾಳಿ ಇಳಿಯುತ್ತದೆ, ಆಕಾಶ ಬಿಚ್ಚಿಕೊಳ್ಳುತ್ತದೆ, ರಾತ್ರಿಗಳೂ ಉದ್ದ ಇರುತ್ತವೆ, ನೆಲ ಬೆಳತನಕ ಕಾವು ಬಿಡುತ್ತಲೇ ಇರುತ್ತದೆ.

ಮುನ್ಸೂಚನೆ ಎಡವುವುದು ಇಲ್ಲೇ. ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಬೀಳುತ್ತದೆ. ಮೋಡ ರಾತ್ರಿ ಹತ್ತಕ್ಕೆ ಸರಿದರೆ ನೆಲ ತಣ್ಣಗಾಗಲು ಎಂಟು ತಾಸು ಸಿಕ್ಕವು. ನಸುಕಿನ ನಾಲ್ಕಕ್ಕೆ ಸರಿದರೆ ಎರಡೇ ತಾಸು. ಸಮುದ್ರದಲ್ಲಿ ಚಂಡಮಾರುತ ಅರ್ಧ ದಿನ ತಡ ಮಾಡಿದರೂ ಇಲ್ಲಿ ಬೆಳಗಿನ ಅಂಕಿ ಮೂರ್ನಾಲ್ಕು ಡಿಗ್ರಿ ತಪ್ಪಬಹುದು. ಮುನ್ಸೂಚನೆ ಮಾಡುವವರನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ, ಅವರು ಊಹಿಸಬೇಕಾದದ್ದು ಬರೀ ಥಂಡಿಯನ್ನಲ್ಲ, ಮೋಡ ಸರಿಯುವ ಗಳಿಗೆಯನ್ನು.

ಇನ್ನೊಂದು, ವೀಕ್ಷಣಾಲಯದ ಥರ್ಮಾಮೀಟರ್ ಬಿಳಿ ಪೆಟ್ಟಿಗೆಯೊಳಗೆ ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಇರುತ್ತದೆ. ಗಾಳಿ ನಿಂತ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳಿಜಾರಿಗೆ ಹರಿಯುತ್ತದೆ. ಕಾಕಾನ ಹೊಲ ಹಳ್ಳದ ದಂಡೆಯಲ್ಲಿದೆ, ಅಲ್ಲಿ ಕಡಲೆ ಗಿಡಕ್ಕೆ ತಾಗುವ ಥಂಡಿ ಆ ಅಂಕಿಗಿಂತ ಜಾಸ್ತಿಯೇ.

ಹೀಗಾಗಿ ಈಗ ಫೋನ್ ಬಂದರೆ ಮೊದಲು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದೆಯಾ ನೋಡುತ್ತೇನೆ, ಆಮೇಲೆ ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಮೋಡದ ಅಂಚು ಎಲ್ಲಿದೆ ಅಂತ. ಕುಸಿತ ಇದ್ದರೆ ಎರಡು ದಿನದ ಆಚೆಗಿನ ಅಂಕಿ ಹೇಳುವುದಿಲ್ಲ. ಕೃಷಿ ವಿಶ್ವವಿದ್ಯಾಲಯದಿಂದ ಮಂಗಳವಾರ, ಶುಕ್ರವಾರ ಬರುವ ಸಲಹೆಯನ್ನು ಓದಿ ಹೇಳುತ್ತೇನೆ.

ಆ ಡಿಸೆಂಬರ್‌ನಲ್ಲಿ ಮೋಡ ಬಿಟ್ಟ ದಿನ ನಾನು ಫೋನ್ ಮಾಡುವ ಮೊದಲೇ, ಬೆಳಿಗ್ಗೆ ಆರೂವರೆಗೆ ಕಾಕಾನೇ ಮಾಡಿದರು. "ಹೊಲಕ್ಕ ಬಂದೇನಿ ನೋಡಪಾ, ಧೋತರ ಮೊಣಕಾಲ ತನಕ ತೊಯ್ದೈತಿ, ಕಾಲಿಗೆಲ್ಲ ಕಡ್ಲಿ ಹುಳಿ ಹತ್ತಿ ಉರಿಯಾಕತ್ತೈತಿ. ಇವತ್ತ ಎಣ್ಣಿ ಬ್ಯಾಡ."