ಸ್ಲೈಡಿನ ಪಕ್ಕದಲ್ಲೇ ಮೇಡಂ ಮಾತು

ಫಿಸಿಯಾಲಜಿ ಕ್ಲಾಸಿನ ಆಡಿಯೋ ಮಾತ್ರ ಇಟ್ಟುಕೊಂಡು ಓದಲು ಕೂತವರಿಗೆ ಈ ಕಷ್ಟ ಗೊತ್ತು. "ಈ ಗೆರೆ ನೋಡಿ, ಇಲ್ಲಿಂದ ಈ ಕಡೆ ಸರಿಯುತ್ತೆ" ಅಂತ ಮೇಡಂ ಹೇಳುತ್ತಾರೆ. ಯಾವ ಗೆರೆ? ಯಾವ ಕಡೆ? ಸರಿ, ಸ್ಲೈಡ್ ತೆಗೆದು ನೋಡೋಣ ಅಂದರೆ ಅಲ್ಲಿ ಎಸ್ ಆಕಾರದ ಒಂದು ಗೆರೆ, ಅದರ ಬಲಕ್ಕೆ ಇನ್ನೊಂದು. ಯಾಕೆ ಸರಿಯಿತು ಅನ್ನುವುದು ಮೇಡಂ ಬಾಯಲ್ಲಿ ಮಾತ್ರ ಇತ್ತು. ಇವೆರಡೂ ಒಂದೇ ಕಡೆ ಸಿಗಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ. ರಕ್ತದಲ್ಲಿ ಆಕ್ಸಿಜನ್ ಹೇಗೆ ಸಾಗುತ್ತದೆ ಅನ್ನುವ ಪಾಠದ ದಿನ ಅದು ಕೈಗೂಡಿತು.

ಸ್ಲೈಡುಗಳು ಹಿಂದಿನ ರಾತ್ರಿಯೇ ಬಂದಿದ್ದವು. ಟಿಪ್ಪಣಿ ಬರೆಯುವ ಸಾಫ್ಟ್‌ವೇರ್ ಒನ್‌ನೋಟ್‌ನಲ್ಲಿ ಹೊಸ ಪುಟ ತೆರೆದು, ಇನ್ಸರ್ಟ್‌ಗೆ ಹೋಗಿ ಫೈಲ್ ಪ್ರಿಂಟ್‌ಔಟ್ ಆರಿಸಿದೆ. ಬರೀ ಅಟ್ಯಾಚ್‌ಮೆಂಟ್ ಹಾಕಿದರೆ ಒಂದು ಐಕಾನ್ ಬಂದು ಕೂರುತ್ತದೆ, ಅಷ್ಟೇ. ಪ್ರಿಂಟ್‌ಔಟ್ ಆದರೆ ಪ್ರತಿ ಸ್ಲೈಡೂ ಚಿತ್ರವಾಗಿ ಒಂದರ ಕೆಳಗೊಂದು ಬರುತ್ತದೆ. ಆನಿಮೇಷನ್ ಹೋಗುತ್ತದೆ, ಹೋಗಲಿ. ಪಕ್ಕದಲ್ಲಿ ಬರೆಯಲು ಜಾಗ ಇದೆಯಲ್ಲ, ನನಗೆ ಬೇಕಿದ್ದದ್ದು ಅದೇ.

ಬೆಳಿಗ್ಗೆ ಮೇಡಂ ಹತ್ತಿರ ಹೋಗಿ, ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿದೆ. "ಮಾಡ್ಕೊಳ್ಳಿ, ಆದ್ರೆ ನಿಮ್ಮ ಓದಿಗೆ ಮಾತ್ರ. ಎಲ್ಲೂ ಹಾಕ್ಬೇಡಿ" ಅಂದರು. ಕೇಳದೆ ಯಾರ ಮಾತನ್ನೂ ರೆಕಾರ್ಡ್ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ಬೆಂಚಿನಲ್ಲಿ ಕೂತೆ. ಹಿಂದೆ ಕೂತರೆ ಮೈಕಿಗೆ ಮೇಡಂ ದನಿಗಿಂತ ಕೀಬೋರ್ಡಿನ ಸದ್ದೇ ಜಾಸ್ತಿ ಕೇಳುತ್ತದೆ.

ಇನ್ನು ಮುಖ್ಯ ವಿಷಯ. ಒನ್‌ನೋಟ್‌ನಲ್ಲೇ ರೆಕಾರ್ಡಿಂಗ್ ನಡೆಯುತ್ತಿರುವಾಗ ನಾವು ಟೈಪ್ ಮಾಡಿದ ಸಾಲಿಗೆ ಆ ಹೊತ್ತಿನ ಆಡಿಯೋ ಅಂಟಿಕೊಳ್ಳುತ್ತದೆ. ಹಿಂದಿನ ರಾತ್ರಿ ಹಾಕಿದ ಸ್ಲೈಡಿಗೆ ಹಾಗೆ ಅಂಟುವುದಿಲ್ಲ. ಅದು ಯಾವಾಗ ಪರದೆಯ ಮೇಲೆ ಬಂತು ಅಂತ ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಮೇಡಂ ಸ್ಲೈಡ್ ಬದಲಿಸಿದ ಕೂಡಲೇ ನಾನೂ ಆ ಸ್ಲೈಡಿನ ಪಕ್ಕ ಏನಾದರೂ ಬರೆಯುತ್ತಿದ್ದೆ. ಒಂದು ಪದ ಆದರೂ ಸಾಕು.

ಎಸ್ ಗೆರೆಯ ಸ್ಲೈಡ್ ಬಂತು. ಸುತ್ತ ಆಕ್ಸಿಜನ್ ಎಷ್ಟಿದ್ದರೆ ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನ್, ಎಷ್ಟು ತುಂಬಿಕೊಂಡಿರುತ್ತದೆ ಅಂತ ತೋರಿಸುವ ಗೆರೆ ಅದು. "ಬಲಕ್ಕೆ ಯಾಕೆ?" ಅಂತಷ್ಟೇ ಬರೆದು ಕೈ ಕಟ್ಟಿ ಕೂತು ಕೇಳಿದೆ. ಓಡುವಾಗ ಸ್ನಾಯು ಬಿಸಿಯಾಗುತ್ತದೆ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತು ಆಮ್ಲ ಹೆಚ್ಚುತ್ತವೆ. ಆಗ ಹಿಮೋಗ್ಲೋಬಿನ್ ತನ್ನ ಆಕ್ಸಿಜನ್ನನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಗೆರೆ ಬಲಕ್ಕೆ ಸರಿಯುವುದು ಅಂದರೆ ಇದೇ. ಎಲ್ಲಿ ಹೆಚ್ಚು ಬೇಕೋ ಅಲ್ಲೇ ಹೆಚ್ಚು ಸಿಗುತ್ತದೆ! ಎಷ್ಟೋ ದಿನದಿಂದ ಬಾಯಿಪಾಠ ಮಾಡಿದ್ದ ಗೆರೆ ಅವತ್ತು ಅರ್ಥವಾಯಿತು. ಬರೆದುಕೊಳ್ಳುವ ಅವಸರ ಇಲ್ಲದೆ ಮೇಡಂ ಮುಖ ನೋಡುತ್ತಾ ಕೇಳಿದ್ದೇ ಅದಕ್ಕೆ ಕಾರಣ.

ಅಷ್ಟರಲ್ಲಿ ಹಿಂದಿನಿಂದ ಯಾರೋ, ಹಾಗಾದರೆ ಶ್ವಾಸಕೋಶದಲ್ಲಿ ಏನಾಗುತ್ತದೆ ಅಂತ ಕೇಳಿದರು. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಗೆರೆ ಎಡಕ್ಕೆ ಬರುತ್ತದೆ, ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಂದರು ಮೇಡಂ. ಇದಕ್ಕೆ ಸ್ಲೈಡೇ ಇರಲಿಲ್ಲ. ಗೆರೆಯ ಕೆಳಗೆ "ಶ್ವಾಸಕೋಶ, ಎಡ" ಅಂತ ಬರೆದೆ. ಆಮೇಲೆ ಮೇಡಂ ಹಿಮೋಗ್ಲೋಬಿನ್ ರಚನೆಯ ಹಳೇ ಸ್ಲೈಡಿಗೆ ವಾಪಸ್ ಹೋದರು. ನಾನೂ ಮೇಲೆ ಹೋಗಿ ಅಲ್ಲೇ ಒಂದು ಸಾಲು ಸೇರಿಸಿದೆ. ಪಾಠ ಹಿಂದೆ ಮುಂದೆ ಓಡಾಡಿದರೂ ಮಾತು ಅದರದರ ಸ್ಲೈಡಿನ ಪಕ್ಕದಲ್ಲೇ ಸಿಗುವುದು ಇದರಿಂದಲೇ.

ಸಂಜೆ "ಬಲಕ್ಕೆ ಯಾಕೆ?" ಮೇಲೆ ಮೌಸ್ ಇಟ್ಟೆ. ಎಡಗಡೆ ಸಣ್ಣ ಪ್ಲೇ ಗುರುತು ಬಂತು. ಒತ್ತಿದೆ, ಮೇಡಂ ಮಾತು ಅಲ್ಲಿಂದಲೇ ಶುರುವಾಯಿತು. ಕಣ್ಣೆದುರು ಗೆರೆ, ಕಿವಿಯಲ್ಲಿ "ಈ ಕಡೆ". ಎಷ್ಟು ಖುಷಿಯಾಯಿತು ಗೊತ್ತಾ? ನಾವು ಕೇಳಿದ ಮೇಲೆ ತಾನೇ ಬರೆಯುವುದು, ಹಾಗಾಗಿ ಕೆಲವು ಕಡೆ ಮೊದಲ ಮಾತು ತಪ್ಪಿಹೋಗುತ್ತದೆ. ವಿಂಡೋಸ್ ಒನ್‌ನೋಟ್‌ನ ಆಪ್ಷನ್ಸ್‌ನಲ್ಲಿ ಕೆಲವು ಸೆಕೆಂಡ್ ಹಿಂದಿನಿಂದ ಶುರುವಾಗುವ ಹಾಗೆ ಮಾಡಬಹುದು. ಮಾಡಿಕೊಂಡೆ. ಐಪ್ಯಾಡಿನಲ್ಲಿ ಕೈಯಲ್ಲೇ ಬರೆಯುವವರಿಗೆ ನೋಟಬಿಲಿಟಿ ಅನ್ನುವ ಆ್ಯಪ್ ಇದೇ ಕೆಲಸ ಮಾಡಿಕೊಡುತ್ತದೆ.

ನನ್ನ ಗೆಳತಿ ಅದೇ ಕ್ಲಾಸನ್ನು ಮೇಡಂ ಒಪ್ಪಿಗೆ ಪಡೆದೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. "ನಂದೂ ಹೀಗೆ ಮಾಡಿಕೊಡೇ" ಅಂದಳು. ಹೊರಗೆ ಮಾಡಿದ ಆಡಿಯೋ ತಂದು ಹಾಕಿದರೆ ಪುಟದಲ್ಲಿ ಫೈಲ್ ಬರುತ್ತದೆ, ಸಾಲುಗಳಿಗೆ ಅಂಟುವುದಿಲ್ಲ. ಅದಕ್ಕೆ ಇಬ್ಬರೂ ಕೂತು ಅವಳ ಆಡಿಯೋ ಪೂರ್ತಿ ಕೇಳಿದೆವು. ಯಾವ ಸ್ಲೈಡಿನ ಮಾತು ಯಾವ ನಿಮಿಷಕ್ಕೆ ಶುರು ಅಂತ ಪಕ್ಕದಲ್ಲೇ ಬರೆದೆವು. ಒಂದು ಸಂಜೆ ಪೂರ್ತಿ ಹಿಡಿಯಿತು. ಈಗ ಅವಳೂ ಆ ನಿಮಿಷಕ್ಕೆ ಎಳೆದು ಬಿಟ್ಟು ಕೇಳುತ್ತಾಳೆ. ಮುಂದಿನ ಕ್ಲಾಸಿಗೆ ಲ್ಯಾಪ್‌ಟಾಪ್ ತರುತ್ತೇನೆ ಅಂದಿದ್ದಾಳೆ.